ಬಫೆ ತಟ್ಟೆ ಕ್ಯಾಬಿನ್‌ಗೆ ಬರಬಹುದಾ?

ಕ್ರೂಸ್ ಹಡಗಿನಲ್ಲಿ ಬಫೆ ತಟ್ಟೆ ಹಿಡಿದು ಲಿಫ್ಟ್ ಹತ್ತುವವರನ್ನು ಕಂಡರೆ ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಇನ್ನು ಕೆಲವರಿಗೆ ಮೈಯೆಲ್ಲ ಉರಿಯುತ್ತದೆ. ಏಳು ರಾತ್ರಿ ಅಮ್ಮನ ಜೊತೆ ಒಂದೇ ಕ್ಯಾಬಿನ್‌ನಲ್ಲಿದ್ದ ಅಕ್ಕ, ತಂಗಿ ಇಲ್ಲಿ ಎದುರುಬದುರಾಗಿ ಬರೆದಿದ್ದಾರೆ. ಪ್ರವಾಸ ಮುಗಿದಿದೆ, ಜಗಳ ಮುಗಿದಿಲ್ಲ.

ಪರ: ಅಕ್ಕನ ಮಾತು

ಬೆಳಿಗ್ಗೆ ಐದೂವರೆ. ಅಮ್ಮ, ತಂಗಿ ಇಬ್ಬರಿಗೂ ಗಾಢ ನಿದ್ದೆ. ಲೈಟ್ ಹಾಕುವ ಹಾಗಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು, ಕೀ ಕಾರ್ಡ್ ಎತ್ತಿಕೊಂಡು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಮೇಲಿನ ಡೆಕ್‌ಗೆ ಹೋಗುತ್ತೇನೆ. ಒಂದು ಮಗ್ ಕಾಫಿ, ಎರಡು ಹೋಳು ಕರ್ಬೂಜ, ಒಂದು ಬನ್. ವಾಪಸ್ ಬಂದು ಬಾಲ್ಕನಿಯಲ್ಲಿ ಕೂರುತ್ತೇನೆ. ಸಮುದ್ರ ಇನ್ನೂ ಬೂದಿ ಬಣ್ಣದಲ್ಲಿರುತ್ತದೆ. ಕಾಫಿಯ ಹಬೆಯನ್ನು ಗಾಳಿ ಒಂದೇ ಕಡೆಗೆ ಎಳೆದುಕೊಂಡು ಹೋಗುತ್ತದೆ. ನಿಜ ಹೇಳಬೇಕೆಂದರೆ, ಇಡೀ ಪ್ರವಾಸದ ದುಡ್ಡನ್ನು ನಾನು ಕೊಟ್ಟಿದ್ದು ಈ ಅರ್ಧ ಗಂಟೆಗೇ.

ಇದರಲ್ಲಿ ಮರ್ಯಾದೆಗೆಟ್ಟ ಕೆಲಸ ಯಾವುದು? ನನಗಂತೂ ಗೊತ್ತಾಗಿಲ್ಲ. ಬಫೆ ಇರುವುದು ಸಾಮಾನ್ಯವಾಗಿ ಮೇಲಿನ ಡೆಕ್‌ನಲ್ಲಿ, ಈಜುಕೊಳದ ಪಕ್ಕದಲ್ಲಿ. ಜನ ತಟ್ಟೆ ಹಿಡಿದು ಹೊರಗೆ ಬರಲಿ, ಬಿಸಿಲಲ್ಲಿ ಕೂತು ತಿನ್ನಲಿ ಅಂತಲೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಐಸ್‌ಕ್ರೀಮ್ ಮೆಷಿನ್ ಮುಂದೆ ಒಂದಾದರೂ ಕುರ್ಚಿ ಇರುತ್ತಾ? ಕೋನ್ ಹಿಡಿದು ನಡೆಯುತ್ತಾ ತಿನ್ನುವುದು ತಪ್ಪಲ್ಲ, ತಟ್ಟೆ ಹಿಡಿದು ನಡೆದರೆ ತಪ್ಪು ಅನ್ನುವುದಾದರೆ ಆ ಗೆರೆ ಎಳೆದವರು ಯಾರು?

ಇನ್ನು ಜಾಗದ ಮಾತು. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಹಡಗಿನಲ್ಲಿ 7,600 ಪ್ರಯಾಣಿಕರು ಹಿಡಿಸುತ್ತಾರೆ. ನಾವು ಹೋಗಿದ್ದು ಅಷ್ಟು ದೊಡ್ಡದರಲ್ಲಲ್ಲ. ಆದರೂ ಎಂಟೂವರೆಗೆ ಬಫೆಗೆ ಹೋದರೆ ಟೇಬಲ್ ಹುಡುಕುವುದೇ ಒಂದು ಕೆಲಸ. ತಿಂದು ಮುಗಿಸಿದವರ ಹಿಂದೆ ಹೋಗಿ, ಅವರು ಯಾವಾಗ ಏಳುತ್ತಾರೋ ಅಂತ ನಿಲ್ಲಬೇಕು. ಅವರು ಕಾಫಿ ಇನ್ನೊಂದು ಸಲ ತುಂಬಿಸಿಕೊಂಡು ಬರುತ್ತಾರೆ. ನಾನು ತಟ್ಟೆ ತೆಗೆದುಕೊಂಡು ಕ್ಯಾಬಿನ್‌ಗೆ ಹೋದರೆ ಯಾರಿಗೋ ಒಂದು ಕುರ್ಚಿ ಬಿಟ್ಟುಕೊಟ್ಟ ಹಾಗೇ ಅಲ್ವಾ?

ರೂಮ್ ಸರ್ವೀಸ್ ಇದೆಯಲ್ಲ ಅನ್ನುತ್ತಾರೆ. ಇದೆ. ಹಿಂದೆ ಬಹಳ ಹಡಗುಗಳಲ್ಲಿ ಅದು ಪುಕ್ಕಟೆ ಇತ್ತು. ಈಗ ಎಷ್ಟೋ ಕಡೆ ಪ್ರತಿ ಸಲ ತರಿಸಿಕೊಂಡಾಗಲೂ ದುಡ್ಡು ಕೊಡಬೇಕು, ಮೇಲೆ ಟಿಪ್ಸ್. ಮೂರನೇ ದಿನ ಹಡಗು ಚೆನ್ನಾಗಿ ಓಲಾಡಿತು. ಅಮ್ಮನಿಗೆ ಮೊದಲೇ ಮಂಡಿನೋವು, ಜೊತೆಗೆ ತಲೆಸುತ್ತು. ಎರಡು ಒಣ ಟೋಸ್ಟ್, ಒಂದು ಹಸಿರು ಸೇಬು. ಹಡಗಿನವರೇ ವಾಂತಿ ಬರುವವರಿಗೆ ಹೇಳುವ ಮದ್ದು ಅದು. ಇಷ್ಟಕ್ಕೆ ಫೋನ್ ಮಾಡಿ ಮುಕ್ಕಾಲು ಗಂಟೆ ಕಾಯಬೇಕಾ? ಐದು ನಿಮಿಷದಲ್ಲಿ ತಂದುಕೊಟ್ಟೆ. ಆವತ್ತು ತಂಗಿ ಬಾಯಿ ಬಿಡಲಿಲ್ಲ, ಗಮನಿಸಿ.

ಇದನ್ನು ನಿಲ್ಲಿಸಲು ಹೋದವರೂ ಇದ್ದಾರೆ. 2015ರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಬಫೆಯ ಊಟ ಹೊರಗೆ ಒಯ್ಯಬಾರದು ಅಂತ ನಿಯಮ ತಂದಿತು. ಪ್ರಯಾಣಿಕರು ರೇಗಿದರು, ನಿಯಮ ವಾಪಸ್ ಹೋಯಿತು.

ನನಗೂ ನನ್ನದೇ ಕಟ್ಟುಪಾಡು ಇದೆ. ಒಂದೇ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು. ಸೂಪ್ ಒಯ್ಯುವುದಿಲ್ಲ. ಲಿಫ್ಟ್‌ನಲ್ಲಿ ಹಿಂದಿನ ಮೂಲೆ. ನಾಟಕ, ಸಂಗೀತ ನಡೆಯುವ ಹಾಲ್‌ಗೆ ತಟ್ಟೆ ಇಲ್ಲ. ತಿಂದ ತಟ್ಟೆಯನ್ನು ನಾನೇ ಮೇಲೆ ಇಟ್ಟು ಬರುತ್ತೇನೆ. ಒಂದು ರಾತ್ರಿ ಮಾತ್ರ ಸುಸ್ತಾಗಿ ಬಾಗಿಲ ಹೊರಗಿಟ್ಟೆ. ಅದನ್ನೇ ಹಿಡಿದುಕೊಂಡು ತಂಗಿ ಈಗ ಪುರಾಣ ಶುರು ಮಾಡುತ್ತಾಳೆ, ಓದಿ.

ವಿರೋಧ: ತಂಗಿಯ ಮಾತು

ಮಾಡುತ್ತೇನೆ ಅಕ್ಕ. ಅದೇ ತಟ್ಟೆಯಿಂದಲೇ ಶುರು ಮಾಡುತ್ತೇನೆ.

ರಾತ್ರಿ ಹನ್ನೊಂದಕ್ಕೆ ನೀನು ಹೊರಗಿಟ್ಟ ತಟ್ಟೆಯಲ್ಲಿ ಏನೇನಿತ್ತು ಅಂತ ನನಗೆ ನೆನಪಿದೆ. ಏಳೆಂಟು ಫ್ರೆಂಚ್ ಫ್ರೈಸ್, ಅಂಚಿನಲ್ಲಿ ಒಣಗಿ ಕಪ್ಪಾದ ಕೆಚಪ್, ಕರ್ಬೂಜದ ಸಿಪ್ಪೆ. ಪಕ್ಕದಲ್ಲಿ ಮಗ್. ಅದರ ತಳದ ಕಾಫಿಯಲ್ಲಿ ನೆನೆದು ಉಬ್ಬಿದ ಟಿಶ್ಯೂ. ಬೆಳಿಗ್ಗೆ ನೋಡಿದರೆ ಯಾರದೋ ಕಾಲು ತಾಗಿ ತಟ್ಟೆ ಓರೆಯಾಗಿತ್ತು. ಸಿಪ್ಪೆ ನಾಲ್ಕು ಬಾಗಿಲು ಆಚೆ ಹೋಗಿತ್ತು. ಕಾರ್ಪೆಟ್ ಮೇಲೆ ಕೆಚಪ್ ಹೆಜ್ಜೆ, ಒಂದೇ ಕಾಲಿನದು.

ಆ ಕಾರಿಡಾರ್ ಎಷ್ಟು ಅಗಲ? ಎದುರಿಗೆ ಯಾರಾದರೂ ಬಂದರೆ ಇಬ್ಬರೂ ಭುಜ ಓರೆ ಮಾಡಬೇಕು. ಗಾಲಿಕುರ್ಚಿ ಬಂದರೆ ಮುಗಿಯಿತು. ಪ್ರಯಾಣಿಕರ ಹಡಗುಗಳ ಕಾರಿಡಾರ್‌ನಲ್ಲಿ ಕೆಳಗಡೆ, ನೆಲದ ಹತ್ತಿರವೇ, ಕತ್ತಲಲ್ಲಿ ದಾರಿ ತೋರಿಸುವ ಬೆಳಕಿನ ಪಟ್ಟಿ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಹೊಗೆ ತುಂಬಿದರೆ ಜನ ಬಗ್ಗಿಕೊಂಡು ಅದನ್ನು ನೋಡಿ ಹೊರಗೆ ಹೋಗಬೇಕು. ನಿನ್ನ ತಟ್ಟೆ ಕೂತಿದ್ದು ಸರಿಯಾಗಿ ಅದರ ಮುಂದೆ.

ಅಕ್ಕನ ಕಥೆಯಲ್ಲಿ ತಟ್ಟೆ ಯಾವಾಗಲೂ ಬಫೆಯಿಂದ ಬರುತ್ತಲೇ ಇರುತ್ತದೆ, ಗಮನಿಸಿದಿರಾ? ಹೋಗುವುದು ಹೇಗೆ ಅನ್ನುವುದಕ್ಕೆ ಒಂದೇ ಒಂದು ಸಾಲು. ಹೋಗುವುದು ಹೀಗೆ: ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಹತ್ತಾರು ಕ್ಯಾಬಿನ್‌ಗಳ ಕೆಲಸ. ಹಾಸಿಗೆ, ಟವಲ್, ಬಾತ್‌ರೂಮ್. ಮುಸುರೆ ಎತ್ತುವುದು ಅವನ ಮುಖ್ಯ ಕೆಲಸವೇ ಅಲ್ಲ. ಒಂದು ಕೈಯಲ್ಲಿ ಒಗೆದ ಬೆಡ್‌ಶೀಟ್ ಹಿಡಿದವನು ಇನ್ನೊಂದು ಕೈಯಲ್ಲಿ ನಮ್ಮ ಎಂಜಲು ತಟ್ಟೆ ಎತ್ತಬೇಕು. ಕೇಳಿದರೆ ನಗುತ್ತಾ ಪರವಾಗಿಲ್ಲ ಮೇಡಂ ಅನ್ನುತ್ತಾನೆ. ಅವನು ಬೇರೆ ಏನು ಹೇಳಲು ಸಾಧ್ಯ?

ಇದೆಲ್ಲ ಶಿಸ್ತಿನ ಮಾತಾಯಿತು. ನನಗೆ ನಿಜವಾಗಿ ಹೆದರಿಕೆ ಇರುವುದು ನೋರೋ ವೈರಸ್‌ನದು. ವಾಂತಿ, ಭೇದಿ ತರಿಸುವ ಈ ವೈರಸ್ ಅಂಟಲು ಬೆರಳೆಣಿಕೆಯಷ್ಟು ಕಣ ಸಾಕು. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರಿನಲ್ಲೇ ತೊಳೆಯಬೇಕು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳ ಶುಚಿತ್ವ ನೋಡಲು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 1970ರ ದಶಕದಿಂದ ಒಂದು ಕಾರ್ಯಕ್ರಮ ನಡೆಸುತ್ತಿದೆ. ತಪಾಸಣೆಯಲ್ಲಿ ನೂರಕ್ಕೆ 86 ಬಂದರೆ ಪಾಸು, 85 ಬಂದರೆ ಫೇಲು. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ 3% ಜನ ಹೊಟ್ಟೆ ಕೆಟ್ಟಿದೆ ಅಂದರೆ ಆ ಹಡಗಿನ ಹೆಸರು ಎಲ್ಲರೂ ನೋಡುವ ಪಟ್ಟಿಗೆ ಬರುತ್ತದೆ. ಮೂರು ಸಾವಿರ ಜನರ ಹಡಗಿನಲ್ಲಿ ತೊಂಬತ್ತು ಜನ. ಒಂದು ಉದ್ದ ಕ್ಯೂ ಅಷ್ಟೆ.

ಹಾಗಾಗಿ ಹಡಗಿನವರು ಬಫೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಬಾಗಿಲಲ್ಲೇ ಕೈ ತೊಳೆಯಿರಿ ಅಂತ ಹೇಳಲು ಒಬ್ಬರು ನಿಂತಿರುತ್ತಾರೆ. ಇಕ್ಕಳ, ಸೌಟು ಬದಲಾಗುತ್ತಿರುತ್ತವೆ. ಕಾಯಿಲೆ ಜಾಸ್ತಿಯಾದರೆ ಪ್ರಯಾಣಿಕರು ಸೌಟು ಮುಟ್ಟುವುದನ್ನೇ ನಿಲ್ಲಿಸಿ ಸಿಬ್ಬಂದಿಯೇ ಬಡಿಸುತ್ತಾರೆ. ತಟ್ಟೆ ಹೊರಗೆ ಹೊರಟ ಕೂಡಲೇ ಈ ಕಾವಲೆಲ್ಲ ಮುಗಿಯಿತು. ಕೈ ತೊಳೆದುಕೊಂಡೆ ಅನ್ನುತ್ತಾಳೆ ಅಕ್ಕ. ತೊಳೆದದ್ದು ಹೌದು. ಆಮೇಲೆ ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ, ಬಾಗಿಲ ಹಿಡಿ. ಅದೇ ಕೈಯಲ್ಲಿ ಬನ್ ಮುರಿದಳು. ಹತ್ತು ನಿಮಿಷಕ್ಕೆ ಕುಡಿದ ಮಗ್ ಹಿಡಿದುಕೊಂಡು ಮತ್ತೆ ಮೇಲೆ ಹೋದಳು. ಮಗ್ಗಿನ ಅಂಚನ್ನು ಕಾಫಿ ಮೆಷಿನ್ನಿನ ಮೂತಿಗೆ ತಾಗಿಸಿ ತುಂಬಿಸಿಕೊಂಡಳು, ನಾನು ಹಿಂದೆಯೇ ನಿಂತಿದ್ದೆ. ಎಂಜಲು ಅನ್ನುವ ಮಾತು ನಮ್ಮ ಭಾಷೆಯಲ್ಲಿ ಸುಮ್ನೆ ಹುಟ್ಟಿಕೊಂಡಿದೆಯಾ ಅಕ್ಕ?

ಇನ್ನು ಆಮೇಲೆ ತಿನ್ನೋಣ ಅಂತ ಎತ್ತಿಟ್ಟುಕೊಳ್ಳುವ ಚಟ. ಬೇಯಿಸಿದ ಊಟವನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು ಅನ್ನುವುದು ಹಳೆಯ ನಿಯಮ. ಕ್ಯಾಬಿನ್‌ನಲ್ಲಿರುವ ಪುಟ್ಟ ಫ್ರಿಜ್ ಎಷ್ಟೋ ಹಡಗುಗಳಲ್ಲಿ ನಿಜವಾದ ಫ್ರಿಜ್ ಅಲ್ಲ, ಪಾನೀಯ ತಣ್ಣಗಿಡುವ ಡಬ್ಬ. ಹನ್ನೆರಡೂವರೆಗೆ ತಂದ ಚಿಕನ್ ತುಂಡನ್ನು ಅಕ್ಕ ಸಂಜೆ ನಾಲ್ಕೂವರೆಗೆ ತಿಂದಳು. ಏನೂ ಆಗಲಿಲ್ಲ. ನನಗೆ ಅದೇ ಬೇಜಾರು, ಇನ್ನು ಜನ್ಮದಲ್ಲಿ ನನ್ನ ಮಾತು ಕೇಳುವುದಿಲ್ಲ.

ಬಾಲ್ಕನಿಯ ಗಾಳಿ ಹಬೆಯನ್ನಷ್ಟೇ ಎಳೆದುಕೊಂಡು ಹೋಗುವುದಿಲ್ಲ. ಸಕ್ಕರೆ ಪೊಟ್ಟಣ, ಟಿಶ್ಯೂ, ಬೆಣ್ಣೆಯ ಪ್ಲಾಸ್ಟಿಕ್ ಡಬ್ಬಿ ಎಲ್ಲವೂ ಹೊರಡುತ್ತವೆ. ಅದೃಷ್ಟ ಚೆನ್ನಾಗಿದ್ದರೆ ಕೆಳಗಿನ ಬಾಲ್ಕನಿಗೆ, ಇಲ್ಲದಿದ್ದರೆ ನೀರಿಗೆ. ಹಡಗಿನಿಂದ ಪ್ಲಾಸ್ಟಿಕ್ ಸಮುದ್ರಕ್ಕೆ ಬೀಳಬಾರದು, ಎಲ್ಲಿಯೂ. ಊಟದ ಕಸವನ್ನೂ ಪುಡಿ ಮಾಡಿದ್ದರೆ ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೆ, ಇಲ್ಲದಿದ್ದರೆ 12 ದಾಟಿದ ಮೇಲೆ ಬಿಡಬೇಕು. ಕೆಲವು ಸಮುದ್ರಗಳಲ್ಲಿ ನಿಯಮ ಇನ್ನೂ ಬಿಗಿ. ಸಿಬ್ಬಂದಿ ಇಷ್ಟೆಲ್ಲ ಲೆಕ್ಕ ಇಡುವಾಗ ಮೇಲಿನವರು ಹಕ್ಕಿಗೆ ಅಂತ ಬನ್ ಎಸೆಯುತ್ತಿರುತ್ತಾರೆ.

ಬ್ಯಾಗಿಗೆ ಹಾಕಿಕೊಂಡ ಹಣ್ಣಿನ ಕಥೆ ಬೇರೆ. ಅದನ್ನು ಮರೆತು ನ್ಯೂಜಿಲೆಂಡಿನಲ್ಲಿ ಇಳಿದರೆ ಸ್ಥಳದಲ್ಲೇ ಅಲ್ಲಿನ 400 ಡಾಲರ್ ದಂಡ. ಒಂದು ಸೇಬಿಗೆ.

ಅಮ್ಮನ ಟೋಸ್ಟ್‌ಗೆ ನಾನು ಬಾಯಿ ಬಿಡಲಿಲ್ಲ, ನಿಜ. ಬಿಡುವುದೂ ಇಲ್ಲ. ಹುಷಾರಿಲ್ಲದವರಿಗೆ, ನಡೆಯಲು ಆಗದವರಿಗೆ ಒಯ್ಯುವುದನ್ನು ನಾನು ಈ ಲೆಕ್ಕಕ್ಕೇ ಸೇರಿಸುವುದಿಲ್ಲ. ಆವತ್ತು ಆ ತಟ್ಟೆಯನ್ನು ವಾಪಸ್ ಇಟ್ಟು ಬಂದವಳು ಯಾರು ಅಂತ ಅಕ್ಕ ಬರೆಯಲಿಲ್ಲ, ಅಷ್ಟೆ.

ಕೊನೆಯ ರಾತ್ರಿಯದೊಂದು ಹೇಳಿಬಿಡುತ್ತೇನೆ. ಮರುದಿನ ಇಳಿಯುವುದು. ಎಲ್ಲರೂ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಟ್ಟಿದ್ದರು, ಕಾರಿಡಾರ್ ಉದ್ದಕ್ಕೂ ಸಾಲು. ನಾನೂ ಅಕ್ಕನೂ ಬಫೆಯಿಂದ ಬರುತ್ತಿದ್ದೆವು. ಎದುರು ಕ್ಯಾಬಿನ್ನಿನ ಕೆಂಪು ಸೂಟ್‌ಕೇಸ್ ಮೇಲೆ ಯಾರೋ ಅರ್ಧ ತಿಂದ ಚಾಕೊಲೇಟ್ ಕೇಕಿನ ತಟ್ಟೆ ಇಟ್ಟು ಹೋಗಿದ್ದರು, ಚಮಚ ಸಮೇತ. ಸರಿಯಾಗಿ ಆಗಲೇ ಬಾಗಿಲು ತೆರೆಯಿತು. ಸೂಟ್‌ಕೇಸಿನ ಯಜಮಾನಿ ತಟ್ಟೆ ನೋಡಿದರು. ಆಮೇಲೆ ನಮ್ಮನ್ನು ನೋಡಿದರು. ಅಕ್ಕನ ಎರಡೂ ಕೈಯಲ್ಲಿ ಮಗ್ ಇತ್ತು.

“ನಮ್ಮದಲ್ಲ,” ಅಂದಳು ಅಕ್ಕ.