ಮೂಗು ತೂರಿಸಲು ಜಾಗ ಬೇಕಾಗಿದೆ

ಕಾರಿನ ಹೊಗೆ ಪೈಪಿನೊಳಗೆ ಮೂಗು ತೂರಿಸಿ ಕೂತು, ಎಂಜಿನ್ ಮೇಲೆ ಚಾಡಿ ಹೇಳುವುದೇ ಆಕ್ಸಿಜನ್ ಸೆನ್ಸರಿನ ಉದ್ಯೋಗ. ಹೊಗೆಯಲ್ಲಿ ಉಳಿದ ಆಮ್ಲಜನಕ ಮೂಸಿ, ಪೆಟ್ರೋಲ್ ಜಾಸ್ತಿ ಕುಡಿದಿದೆಯೋ ಗಾಳಿ ಜಾಸ್ತಿ ಎಳೆದಿದೆಯೋ ವರದಿ ಒಪ್ಪಿಸುತ್ತದೆ. ಒಂದು ಕೆ.ಜಿ. ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಸಿಕ್ಕರೆ ಲೆಕ್ಕ ಚುಕ್ತಾ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಿಗೆ ಬಂದಾಗ ಜಾಗ ಹುಡುಕುವ ತಲೆನೋವು ಕಾರ್ಖಾನೆಯವರದಾಗಿತ್ತು. ನನ್ನದು ಗಾಳಿಗೆ ಪೆಟ್ರೋಲ್ ಬೆರೆಸುವ ಕೆಲಸ ಕಾರ್ಬ್ಯುರೇಟರಿಗಿದ್ದ ಕಾಲದ ಕಾರು, ಸೆನ್ಸರಿಗೆ ಜಾಗವನ್ನೇ ಇಟ್ಟಿಲ್ಲ; ಬೆರಕೆ ಸರಿಮಾಡಲು ನಾನೇ ಒಂದನ್ನು ಕೂರಿಸಲು ಹೊರಟೆ. ತಲೆನೋವು ಪೂರ್ತಿ ನನ್ನ ಪಾಲಿಗೆ.

"ಪೈಪಿಗೊಂದು ತೂತು ಕೊರೆಸು, ನಟ್ ವೆಲ್ಡ್ ಮಾಡಿಸು, ಸೆನ್ಸರ್ ತಿರುಪು. ಮುಗೀತಲ್ಲ!" ಎಂದ ಗೆಳೆಯ. ಸಲಹೆಗೆ ಇವನು ಸದಾ ಸಿದ್ಧ, ಕಾರಿನಡಿ ಮಲಗುವ ಹೊತ್ತಿಗೆ ಮಾತ್ರ ಸೊಂಟನೋವು.

ಬಾಡಿಗೆ ಮನೆ ಹುಡುಕುವವರೂ ಇಷ್ಟು ಷರತ್ತು ಹಾಕುವುದಿಲ್ಲ. ಬಿಸಿ ಬೇಕು, ಅತಿಬಿಸಿ ಬೇಡ. ಎಂಜಿನ್ನಿಗೆ ತೀರಾ ಅಂಟಿಕೊಂಡರೆ ಬೆಂದುಹೋಗುತ್ತದೆ. ದೂರ ಸರಿದರೆ ಪೈಪ್ ತಣ್ಣಗಿದ್ದು ನೀರು ಕಟ್ಟುತ್ತದೆ, ಒಳಗಿನ ಹೀಟರಿಗೆ ಕಾದು ಕೂತ ಪಿಂಗಾಣಿಗೆ ಹನಿ ನೀರು ತಾಗಿದರೂ ಬಿರುಕು. ಎಲ್ಲ ಸಿಲಿಂಡರುಗಳ ಪೈಪು ಕೂಡಿದ ಮೇಲೆಯೇ ಕೂರಬೇಕು, ಇಲ್ಲವಾದರೆ ಒಬ್ಬನ ದೂರು ಮಾತ್ರ ಕಿವಿಗೆ ಬೀಳುತ್ತದೆ. ತಳದಲ್ಲಂತೂ ಕೂಡದು, ನೀರು ನಿಲ್ಲುವುದೇ ಅಲ್ಲಿ. ಪೈಪಿನ ಬಾಯಿಯನ್ನು ಗಡಿಯಾರ ಅಂದುಕೊಂಡರೆ, ಹತ್ತು ಗಂಟೆಯಿಂದ ಎರಡು ಗಂಟೆಯೊಳಗೆ.

ಹತ್ತರಿಂದ ಎರಡು! ಕಾರು ಕಟ್ಟಿದ ಮಹಾನುಭಾವರು ಗೇರ್‌ಬಾಕ್ಸಿನ ಬ್ರಾಕೆಟ್ಟು, ಹ್ಯಾಂಡ್‌ಬ್ರೇಕಿನ ಕೇಬಲ್ಲು, ಕೊನೆಗೆ ಕಾರಿನ ನೆಲವನ್ನೂ ಆ ಹೊತ್ತಿಗೇ ಗೊತ್ತು ಮಾಡಿದ್ದರು. ಆರು ಗಂಟೆಯ ಕಡೆ ಮಾತ್ರ ಬಯಲೋ ಬಯಲು.

"ಆರಕ್ಕೇ ಹಾಕೋಣ ಸರ್, ಬಿಚ್ಚೋಕೆ ಸಲೀಸು" ಎಂದರು ವೆಲ್ಡರ್. ಹಾದುಹೋಗುತ್ತಿದ್ದ ಹಿರಿಯರೊಬ್ಬರು ನಿಂತು, "ಹಿಂದೆ ಹೊಗೆ ಬರೋ ತುದಿಗೇ ಸಿಕ್ಕಿಸಿ, ಬಗ್ಗೋದೇ ಬೇಡ" ಎಂದರು. ಕಾರು ನಿಂತಲ್ಲೇ ಗುರುಗುಟ್ಟುವಾಗ ಎರಡು ಉಸಿರಿನ ನಡುವೆ ಹೊರಗಾಳಿ ಆ ತುದಿಯಿಂದ ಒಳನುಗ್ಗುತ್ತದೆ, ಸೆನ್ಸರ್ ಮೂಸುವುದು ಬೀದಿಯ ಗಾಳಿಯನ್ನು ಎಂದು ವಿವರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ ಮುಂದೆ ನಡೆದರು.

ಅಂತೂ ಬ್ರಾಕೆಟ್ಟಿಗೂ ನೆಲಕ್ಕೂ ನಡುವೆ ಎರಡು ಗಂಟೆಯ ದಿಕ್ಕಿನಲ್ಲಿ ಒಂದು ಸಂದು ಸಿಕ್ಕಿತು. ಸೆನ್ಸರ್ ಹಿಡಿಸಿತು. ಅದರ 22 ಎಂ.ಎಂ. ಸ್ಪ್ಯಾನರ್ ಹಿಡಿಸಲಿಲ್ಲ. ಒಮ್ಮೆಗೆ ಎಳ್ಳಷ್ಟು ತಿರುಗಿಸಿ, ತೆಗೆದು, ಮತ್ತೆ ಸಿಕ್ಕಿಸಿ, ಮತ್ತೆ ಎಳ್ಳಷ್ಟು. ಮೊಣಕೈಯ ಸಿಪ್ಪೆ ಪೈಪಿಗೆ ಅರ್ಪಿತವಾಯಿತು.

ಸ್ಟಾರ್ಟ್ ಮಾಡಿದರೆ ಸೆನ್ಸರಿನ ಮೀಟರ್ ಹೇಳಿದ್ದು: ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು. ಗೆಳೆಯ ಹುರುಪಿನಿಂದ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿದ. ಇನ್ನೂ ಸಾಲದಂತೆ. ಇನ್ನಷ್ಟು ತಿರುಗಿಸಿದ. ಪೆಟ್ರೋಲ್ ನಾತಕ್ಕೆ ನಮ್ಮ ಕಣ್ಣಲ್ಲಿ ನೀರು, ಹಿಂದೆ ಕಪ್ಪು ಹೊಗೆ. ಮೀಟರ್ ಮಾತ್ರ ಎಂಜಿನ್ ಉಪವಾಸವಿದೆ ಎಂದು ಆಣೆ ಹಾಕುತ್ತಿತ್ತು.

ವೆಲ್ಡರ್ ಬಾನೆಟ್ಟಿನೊಳಗೆ ಕಿವಿ ಇಟ್ಟರು. ಟಿಕ್ ಟಿಕ್ ಸದ್ದು. ಎಂಜಿನ್ನಿಂದ ಹೊಗೆ ಒಯ್ಯುವ ಮ್ಯಾನಿಫೋಲ್ಡಿನ ಸಂದು ಮುಚ್ಚುವ ಗ್ಯಾಸ್ಕೆಟ್ ಸೀಳಿತ್ತು; ಹೊಗೆ ಹೊರಗೆ ಹೋಗುವ ಆ ಸಂದಿಯಲ್ಲೇ ಗಾಳಿಯೂ ಒಳಗೆ ಬರುತ್ತಿತ್ತು. ಸೆನ್ಸರ್ ಪಾಪ, ತನ್ನ ಮೂಗಿಗೆ ಬಡಿದದ್ದನ್ನೇ ಹೇಳಿತ್ತು.

ಗ್ಯಾಸ್ಕೆಟ್ ಬದಲಿಸಲು ಮ್ಯಾನಿಫೋಲ್ಡ್ ಇಳಿಸಬೇಕು. ಅದು ಇಳಿಯಲು ಮುಂದಿನ ಪೈಪ್ ಇಳಿಯಬೇಕು. ಪೈಪ್ ಇಳಿಯಲು ಬ್ರಾಕೆಟ್ಟಿನ ಹಿಂದೆ ಸಿಕ್ಕಿಕೊಂಡ ಸೆನ್ಸರ್ ಬಿಚ್ಚಬೇಕು. ಗೆಳೆಯ ಸೊಂಟ ಹಿಡಿದುಕೊಂಡ. ನಾನು ಸ್ಪ್ಯಾನರ್ ಹಿಡಿದು ಮತ್ತೆ ಕಾರಿನಡಿ ಸರಿದೆ. ಮೇಲಿಂದ ವೆಲ್ಡರ್ ದನಿ ಬಂತು: "ಆರು ಗಂಟೆಗೆ ಹಾಕಿದ್ರೆ ಇಷ್ಟು ಹೊತ್ತಿಗೆ ಕೈಗೆ ಬಂದಿರ್ತಿತ್ತು, ಅಲ್ವಾ ಸರ್?"