ಮಿನೆಸೋಟದ 2040ರ ಗಡುವು: ಇಂಗಾಲಮುಕ್ತ ಕರೆಂಟನ್ನು ಕಾನೂನಿನಿಂದ ತರಬಹುದೇ?

ಪರ

ಕಲ್ಲಿದ್ದಲು ಸ್ಥಾವರವೊಂದು ಕಟ್ಟಿದ ಮೇಲೆ ದಶಕಗಟ್ಟಲೆ ಉರಿಯುತ್ತದೆ. ಅದನ್ನು ಮುಚ್ಚುವ ದಿನವನ್ನು ಕಂಪನಿಯ ಮರ್ಜಿಗೆ ಬಿಟ್ಟರೆ ಆ ದಿನ ಮುಂದೆ ಮುಂದೆ ಸರಿಯುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ವಿದ್ಯುತ್ ಕಂಪನಿ ಎಕ್ಸೆಲ್ ಎನರ್ಜಿ 2018ರಲ್ಲೇ, 2050ರ ಹೊತ್ತಿಗೆ ಇಂಗಾಲಮುಕ್ತ ವಿದ್ಯುತ್ ಕೊಡುವುದಾಗಿ ತಾನಾಗಿಯೇ ಹೇಳಿತ್ತು. ಒಳ್ಳೆಯ ಮಾತೇ. ಆದರೆ ಮುಂದಿನ ಆಡಳಿತ ಮಂಡಳಿ ಆ ಮಾತನ್ನು ಹಿಂತೆಗೆದುಕೊಂಡರೆ ಕೇಳುವವರು ಯಾರು? 2023ರ ಫೆಬ್ರುವರಿಯಲ್ಲಿ ಗವರ್ನರ್ ಟಿಮ್ ವಾಲ್ಜ್ ಸಹಿ ಹಾಕಿದ ಕಾನೂನು ಅದನ್ನು ಹತ್ತು ವರ್ಷ ಹಿಂದಕ್ಕೆಳೆದು ಬಾಧ್ಯತೆಯಾಗಿಸಿತು: ದೊಡ್ಡ ಖಾಸಗಿ ಕಂಪನಿಗಳು 2030ಕ್ಕೆ ಶೇ 80, 2035ಕ್ಕೆ ಶೇ 90, 2040ಕ್ಕೆ ಪೂರ್ತಿ.

ಬೆಕರ್ ಊರಿನ ಶೆರ್ಕೊ ಸ್ಥಾವರವನ್ನೇ ನೋಡಿ. ಅದರ ಒಂದು ಕಲ್ಲಿದ್ದಲು ಘಟಕ 2023ರ ಕೊನೆಗೆ ನಿಂತಿತು. ಪಕ್ಕದ ಹೊಲಗಳಲ್ಲಿ ಸೌರ ಫಲಕಗಳು ಎದ್ದಿವೆ. ಕಲ್ಲಿದ್ದಲಿನ ಕರೆಂಟು ಹರಿದ ತಂತಿಗಳಲ್ಲೇ ಈಗ ಬಿಸಿಲಿನ ಕರೆಂಟೂ ಹರಿಯುತ್ತದೆ. ಈ ಯೋಜನೆ ಕಾನೂನಿಗಿಂತ ಹಳೆಯದು, ನಿಜ. ಅದನ್ನು ಯಾರೂ ಅರ್ಧಕ್ಕೆ ಕೈಬಿಡದಂತೆ ಹಿಡಿದಿಡುವುದು ಕಾನೂನಿನ ಕೆಲಸ. ಮಾಂಟಿಸೆಲೊ, ಪ್ರೇರಿ ಐಲೆಂಡ್ ಅಣುಸ್ಥಾವರಗಳನ್ನೂ ಇಂಗಾಲಮುಕ್ತ ಲೆಕ್ಕಕ್ಕೆ ಸೇರಿಸಿಕೊಂಡದ್ದು ವಿವೇಕದ ನಡೆ ಎಂದೇ ನನ್ನ ಎಣಿಕೆ.

ವಿರೋಧ

ಕಲ್ಲಿದ್ದಲು ಹೋಗಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ವಿಧಾನಸಭೆ ಇಸವಿಯನ್ನು ಬರೆಯಬಲ್ಲದು, ಗಾಳಿಯನ್ನು ಬೀಸಿಸಲಾರದು. 2019ರ ಜನವರಿ ಕೊನೆಯ ಆ ಶೀತದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗಿಳಿದಾಗ, ಆ ಪ್ರದೇಶದ ಎಷ್ಟೋ ಗಾಳಿಯಂತ್ರಗಳು ತಮ್ಮ ತಾಳಿಕೆಯ ಮಿತಿ ಮುಟ್ಟಿ ತಾವಾಗಿಯೇ ನಿಂತವು. ಮನೆ ಬೆಚ್ಚಗಿರದಿದ್ದರೆ ಜೀವಕ್ಕೇ ಕುತ್ತು ಬರುವ ರಾತ್ರಿಗಳವು. ಕೆಲವು ಗಂಟೆಗಳ ಬ್ಯಾಟರಿ ಹಲವು ದಿನಗಳ ಚಳಿಗೆ ಸಾಲದು.

ಅಂಥ ಹೊತ್ತಿಗೆ ಆಸರೆಯಾಗುವುದು ಅಣುಶಕ್ತಿ. ಹೊಸ ಅಣುಸ್ಥಾವರಕ್ಕೆ ಈ ರಾಜ್ಯದಲ್ಲಿ 1994ರಿಂದ ನಿಷೇಧವಿದೆ, 2023ರ ಕಾನೂನು ಅದನ್ನು ತೆಗೆಯಲಿಲ್ಲ. ಗುರಿಯನ್ನು ಕೊಟ್ಟು ದಾರಿಗೆ ಬೀಗ ಹಾಕಿದಂತಾಯಿತು. ಇನ್ನು ತಂತಿಗಳು: ಮಿನೆಸೋಟ ಸೇರಿರುವ ಜಾಲ 15 ರಾಜ್ಯಗಳಿಗೂ ಕೆನಡಾದ ಮ್ಯಾನಿಟೋಬಾಗೂ ಹಬ್ಬಿದೆ. ಒಂದು ರಾಜ್ಯದ ಕಾನೂನು ನೆರೆರಾಜ್ಯದಲ್ಲಿ ಒಂದು ಕಂಬವನ್ನೂ ನೆಡಿಸಲಾರದು.

ಕಾನೂನು ಬರೆದವರಿಗೂ ಇದು ತಿಳಿದಿತ್ತು. ಪೂರೈಕೆಗೆ ಧಕ್ಕೆಯಾದರೆ, ದರ ಕೈಮೀರಿದರೆ ಗಡುವನ್ನು ಮುಂದೂಡುವ ಅಧಿಕಾರವನ್ನು ಅವರು ರಾಜ್ಯದ ನಿಯಂತ್ರಣ ಆಯೋಗಕ್ಕೆ ಕೊಟ್ಟಿದ್ದಾರೆ. ಬೇರೆಡೆ ಹಸಿರು ಕರೆಂಟು ತಯಾರಾಯಿತು ಎನ್ನುವ, ಹೊರಗಿನಿಂದ ಕೊಂಡ ಹಸಿರು ಪ್ರಮಾಣಪತ್ರಗಳೂ ಲೆಕ್ಕಕ್ಕೆ ಸೇರುತ್ತವೆ. ಹಾಗಾದರೆ 2040ರಲ್ಲಿ ಕಾಗದದ ಮೇಲೆ ಶೇ 100 ಮುಟ್ಟಿಯೂ, ಗಾಳಿಯಿಲ್ಲದ ರಾತ್ರಿ ನೆರೆಯ ಚಿಮಣಿಯ ಕರೆಂಟನ್ನೇ ಉರಿಸಬಹುದು. ಮೊದಲು ತಂತಿ ಎಳೆಯಿರಿ, ನಿಷೇಧ ತೆಗೆಯಿರಿ. ಇಸವಿಯನ್ನು ಆಮೇಲೆ ಬರೆಯಿರಿ.