ವಿದ್ಯಾರ್ಥಿಗಳು ಆಸಕ್ತಿಯಿಂದ ಆಲಿಸುವರು

ನಮ್ಮಕ್ಕನ ಮಗಳಿಗೆ ಭವಿಷ್ಯ ಗೊತ್ತು. ಗಿಳಿ ಪಂಜರ ಇಟ್ಟುಕೊಂಡು ಕೂತವರಿಗೂ ಇಷ್ಟು ಗೊತ್ತಿರಲ್ಲ. ನಾಳೆ ಹನ್ನೊಂದೂವರೆಗೆ ಮಂಡ್ಯ ಪಕ್ಕದ ಒಂದು ಸರ್ಕಾರಿ ಶಾಲೆಯ ಏಳನೇ ಕ್ಲಾಸಿನಲ್ಲಿ ಮಕ್ಕಳು ಏನು ಹೇಳುತ್ತಾರೆ ಅಂತ ಇವತ್ತು ರಾತ್ರಿಯೇ ಬರೆದಿಡುತ್ತಾಳೆ. ಕೆಳಗೆ ಸ್ಕೇಲಿಟ್ಟು ಗೆರೆ ಬೇರೆ.

ಹುಡುಗಿ ಬಿ.ಇಡಿ. ಓದುತ್ತಿದ್ದಾಳೆ, ಗಣಿತ. ಇಂಟರ್ನ್‌ಶಿಪ್ ಅಂತ ಶಾಲೆಗೆ ಹೋಗಲು ಶುರುಮಾಡಿ ಮೂರನೇ ವಾರ. ಅವಳು ಬರೆಯುವುದಕ್ಕೆ ಪಾಠ ಯೋಜನೆ ಅಂತ ಹೆಸರು. ಒಂದು ಕಡೆ 'ಶಿಕ್ಷಕರ ಚಟುವಟಿಕೆ'. ಪಕ್ಕದಲ್ಲಿ 'ವಿದ್ಯಾರ್ಥಿಗಳ ಚಟುವಟಿಕೆ'. ಆ ಎರಡನೇ ಕಾಲಂ ನನಗೆ ಬಹಳ ಇಷ್ಟ. 'ವಿದ್ಯಾರ್ಥಿಗಳು ಆಸಕ್ತಿಯಿಂದ ಆಲಿಸುವರು.' 'ವಿದ್ಯಾರ್ಥಿಗಳು ಉತ್ಸಾಹದಿಂದ ಉತ್ತರಿಸುವರು.' 'ವಿದ್ಯಾರ್ಥಿಗಳು ಕಪ್ಪುಹಲಗೆ ನೋಡಿ ಬರೆದುಕೊಳ್ಳುವರು.' ಮಂಡ್ಯದಲ್ಲಿ ಯಾರೂ ಬಾಯಲ್ಲಿ ಆಡದ ಈ 'ವರು' ಈಗ ಉಳಿದಿರುವುದು ಎರಡೇ ಕಡೆ. ಪಾಠ ಯೋಜನೆಯಲ್ಲಿ ಮತ್ತು ಆಮಂತ್ರಣ ಪತ್ರಿಕೆಯಲ್ಲಿ. ಮಾನ್ಯ ಸಚಿವರು ಉದ್ಘಾಟಿಸುವರು, ಮಾನ್ಯ ಶಾಸಕರು ಅಧ್ಯಕ್ಷತೆ ವಹಿಸುವರು. ಅವರು ಬಂದಷ್ಟೇ ಇವರು ಆಲಿಸುತ್ತಾರೆ.

ಮೊದಲ ದಿನ ಇವಳು ಉತ್ಸಾಹದಿಂದ ಪ್ರಶ್ನೆ ಕೇಳಿದಾಗ ಉತ್ಸಾಹದಿಂದ ಬಂದ ಉತ್ತರ: 'ಮಿಸ್, ನಿಮ್ದು ಯಾವೂರು?'

ಪಾಠ ಯೋಜನೆಗೆ ಐದು 'ಇ'ಗಳ ಪದ್ಧತಿ ಅಂತ ಒಂದಿದೆ. ಇಂಗ್ಲಿಷಿನಲ್ಲಿ ಐದು ಹೆಜ್ಜೆಯ ಹೆಸರೂ 'ಇ' ಅಕ್ಷರದಿಂದ ಶುರು. ತೊಡಗಿಸು, ಅನ್ವೇಷಿಸು, ವಿವರಿಸು, ವಿಸ್ತರಿಸು, ಮೌಲ್ಯಮಾಪನ ಮಾಡು. 1980ರ ದಶಕದಲ್ಲಿ ಅಮೆರಿಕದವರು ವಿಜ್ಞಾನ ಪಾಠಕ್ಕೆಂದು ಮಾಡಿಕೊಂಡದ್ದು. ಕೆಟ್ಟದ್ದೇನಲ್ಲ. ಆದರೆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಹಾಜರಿ ಕೂಗಿ, ಚಾಕ್‌ಪೀಸ್ ಹುಡುಕಿ, ಬೆಂಚಿನ ಜಗಳ ಬಿಡಿಸುವಷ್ಟರಲ್ಲಿ ಉಳಿಯುವುದು ಇಪ್ಪತ್ತೈದು ನಿಮಿಷ. ಒಂದು 'ಇ'ಗೆ ಐದು ನಿಮಿಷ. ಅಷ್ಟರಲ್ಲಿ ಮಕ್ಕಳು ದಶಮಾಂಶವನ್ನು ತಾವೇ ಕಂಡುಹಿಡಿಯುವರು.

ದಶಮಾಂಶ ಅಂದಾಗ ನೆನಪಾಯಿತು. ನಮ್ಮ ಜಿಲ್ಲೆಯ ಮಕ್ಕಳಿಗೆ ದಶಮಾಂಶ ಯಾಕ್ರೀ ಕಲಿಸಬೇಕು? ಹುಟ್ಟುತ್ತಲೇ 124.80 ಅಂತ ಅಳುತ್ತವೆ. ಕೆಆರ್‌ಎಸ್ ಭರ್ತಿಯಾದರೆ ಎಷ್ಟು ಅಡಿ ಅಂತ ಕೇಳಿ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಪಾಯಿಂಟ್ ಸಮೇತ ಹೇಳುತ್ತದೆ. ಜುಲೈ ಬಂತೆಂದರೆ ನಮ್ಮ ಟೀ ಅಂಗಡಿಯಲ್ಲಿ ಒಳಹರಿವು, ಹೊರಹರಿವು, ಕ್ಯೂಸೆಕ್, ಟಿಎಂಸಿ ಬಿಟ್ಟು ಬೇರೆ ಮಾತೇ ಇಲ್ಲ. ಮನೆ ಬಾಡಿಗೆ ಲೆಕ್ಕ ತಪ್ಪುವವರೂ ನೀರಿನ ಲೆಕ್ಕ ತಪ್ಪಲ್ಲ.

ಇದನ್ನೇ ನಾನು ಅವಳಿಗೆ ಹೇಳಿಕೊಟ್ಟೆ. ಅವಳೂ ಬೋರ್ಡ್ ಮೇಲೆ ಬರೆದಳು. ಅಣೆಕಟ್ಟೆ 124.80 ಅಡಿ, ಇವತ್ತಿನ ಮಟ್ಟ 110.40 ಅಂತ ಇಟ್ಟುಕೊಳ್ಳಿ, ತುಂಬಲು ಇನ್ನೆಷ್ಟು ಬೇಕು? ಹಿಂದಿನ ಬೆಂಚಿನಿಂದ ಬಂತು: 'ಬುಡಿ ಮಿಸ್, ಎಷ್ಟ್ ತುಂಬಿದ್ರೂ ತಮಿಳ್ನಾಡಿಗೆ ಬುಡ್ತಾರೆ.' ಇದು ನಿರೀಕ್ಷಿತ ಉತ್ತರದ ಕಾಲಂನಲ್ಲಿ ಇರಲಿಲ್ಲ. ಆಮೇಲೆ ಇನ್ನೊಂದು ಹುಡುಗಿ ಎದ್ದು 124.8 ದೊಡ್ಡದೋ 124.80 ದೊಡ್ಡದೋ ಅಂತ ಕೇಳಿತು. ಕ್ಲಾಸಿಗೆ ಕ್ಲಾಸೇ 124.80 ಎಂದಿತು. ಸೊನ್ನೆ ಜಾಸ್ತಿ ಇದೆಯಲ್ಲ! ಪಾಠ ಶುರುವಾಗಬೇಕಾದ್ದು ಅಲ್ಲಿಂದ. ಬೆಲ್ ಹೊಡೆಯಿತು.

ಮಾರನೇ ದಿನ ಬುದ್ಧಿವಂತಿಕೆ ಮಾಡಿ ಕಬ್ಬು ತಗೊಂಡು ಹೋದಳು. ಒಂದು ಜಲ್ಲೆಯಲ್ಲಿ ಹತ್ತು ತುಂಡು, ಒಂದೊಂದು ತುಂಡು 0.1. ಎಷ್ಟು ಚೆಂದ! ಹೊತ್ತು ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ಉಳಿದದ್ದು 0.3. ಮಿಕ್ಕಿದ್ದು ಬಾಯಲ್ಲಿ. ಸರಿಯಾಗಿ ಆಗಲೇ ಅವಳ ಬಿ.ಇಡಿ. ಕಾಲೇಜಿನವರು ವೀಕ್ಷಣೆಗೆ ಬಂದರು. ಹಿಂದೆ ಕೂತರು. ಕ್ಲಾಸ್ ನೋಡಲಿಲ್ಲ, ಪಾಠ ಯೋಜನೆಯ ಪುಸ್ತಕ ನೋಡಿದರು. ಕೊನೆಯಲ್ಲಿ ಮೂರು ಸಲಹೆ ಬರೆದರು. ಕಪ್ಪುಹಲಗೆಯ ಮೂಲೆಯಲ್ಲಿ ದಿನಾಂಕ ಹಾಕಿಲ್ಲ. ಕಬ್ಬನ್ನು ಕಲಿಕೋಪಕರಣಗಳ ಪಟ್ಟಿಯಲ್ಲಿ ನಮೂದಿಸಿಲ್ಲ. ಥರ್ಮಕೋಲ್‌ನಲ್ಲಿ ಕಬ್ಬಿನ ಮಾದರಿ ಮಾಡಬಹುದಿತ್ತು.

ಮಂಡ್ಯದಲ್ಲಿ. ಥರ್ಮಕೋಲ್‌ನಲ್ಲಿ. ಕಬ್ಬು.

ಇರಲಿ. 2014ರ ನಿಯಮದಲ್ಲಿ ಬಿ.ಇಡಿ.ಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿದಾಗ ಹೇಳಿದ ಕಾರಣ ಒಳ್ಳೆಯದೇ. ಮೇಷ್ಟ್ರಾಗುವವರು ಶಾಲೆಯಲ್ಲಿ ಜಾಸ್ತಿ ದಿನ ಇರಲಿ, ಹಳಬರ ಪಕ್ಕದಲ್ಲಿ ಕೂತು ಕಲಿಯಲಿ. ಶಾಲೆಯಲ್ಲಿ ಒಟ್ಟು ಇಪ್ಪತ್ತು ವಾರ. 2025ರಲ್ಲಿ ಕೆಲವರಿಗೆ ಮತ್ತೆ ಒಂದೇ ವರ್ಷ ಸಾಕು ಎಂಬ ಕರಡೂ ಬಂತು. ಎಳೆಯುವುದು, ಬಿಡುವುದು. ನನ್ನ ತಕರಾರು ಅದಲ್ಲ. ಪಕ್ಕದಲ್ಲಿ ಕೂತು ಕಲಿಯಲು ಆ ಹಳಬರು ಎಲ್ಲಿ?

ಆ ಶಾಲೆಯ ಗಣಿತದ ಮೇಷ್ಟ್ರು ಬಹಳ ಒಳ್ಳೆಯವರು. ಸಿಗಲ್ಲ, ಅಷ್ಟೇ. ಇವಳು ಹೋದ ಮೊದಲ ದಿನವೇ 'ನೀನು ಬಂದಿದ್ದು ದೇವ್ರು ಬಂದಂಗಾಯ್ತು ಕಣಮ್ಮ' ಅಂತ ಚಾಕ್‌ಪೀಸ್ ಡಬ್ಬ ಕೈಗಿಟ್ಟು ಹೊರಟರಂತೆ. ಪಾಪ, ಅವರಷ್ಟು ಲೆಕ್ಕ ಮಾಡುವವರು ಜಿಲ್ಲೆಯಲ್ಲೇ ಇಲ್ಲ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು. ಹಾಲಿನ ಪುಡಿ ಎಷ್ಟು. ಬಿ.ಎಲ್.ಒ., ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಆಗಿ ಮತದಾರರೆಷ್ಟು. 2025ರ ದಸರಾದಲ್ಲಿ ಮನೆ ಮನೆಗೆ ಹೋಗಿ ಜಾತಿ ಸಮೀಕ್ಷೆ, ನಿಮಗೆ ಗೊತ್ತಿರುವುದೇ. ಒಂದು ಮನೆಗೆ 60 ಪ್ರಶ್ನೆ. ಜನ ಬೇಕಾದರೆ ಉತ್ತರ ಕೊಡಬಹುದು, ಬೇಡವಾದರೆ ಬಿಡಬಹುದು ಅಂತ ಹೈಕೋರ್ಟ್ ಹೇಳಿತು. ಮೇಷ್ಟ್ರಿಗೆ ಮಾತ್ರ ಬಿಡುವ ಹಾಗಿಲ್ಲ. ಸರ್ವರ್ ಬಿದ್ದರೆ ಇನ್ನೊಂದು ಬೀದಿ. ಕೆಲಸ ಮುಗಿಯಲಿಲ್ಲ ಅಂತ 2025ರ ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಮುಂದುವರಿಸಿದರು. ಹೋದ ಪಾಠವನ್ನು ವಿಶೇಷ ತರಗತಿ ಮಾಡಿ ಸರಿದೂಗಿಸಿ ಎಂದರು. ವಿದ್ಯಾರ್ಥಿಗಳು ಸರಿದೂಗುವರು.

ಎಲ್ಲ ಜಾತಿಯವರ ಲೆಕ್ಕ ಬೇಕು, ನಾನೇನು ಬೇಡ ಅನ್ನಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಂ ಒಮ್ಮೆ ಓದಿ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು ಅಂತಿದೆ. ಮೊಟ್ಟೆ ಯಾವ ವಿಕೋಪ?

ಇಷ್ಟು ಹೊತ್ತು ನಕ್ಕೆ. ಇನ್ನು ಆಗಲ್ಲ. ಆ ಕ್ಲಾಸಿನ ಅರ್ಧ ಮಕ್ಕಳಿಗೆ 612ನ್ನು 6ರಿಂದ ಭಾಗಿಸು ಅಂದರೆ 12 ಬರುತ್ತದೆ. ನಡುವಿನ ಸೊನ್ನೆ ಕಾಣಲ್ಲ. ದಡ್ಡರಲ್ಲ ಅವು. ಆಲೆಮನೆಗೆ ಎಷ್ಟು ಟನ್ ಕಬ್ಬು ಹೋಯಿತು, ಎಷ್ಟು ದುಡ್ಡು ಬರಬೇಕು ಅಂತ ಬಾಯಲ್ಲೇ ಹೇಳುತ್ತವೆ. ಲೆಕ್ಕ ಹಾಕಿ ನೋಡಿ: 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇವು ಒಂದನೇ ಕ್ಲಾಸು. ಚಿಕ್ಕ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆಗ ಮೂರನೇ ಕ್ಲಾಸಿನ ಅರ್ಧ. ಬಿಡಿ, ಹತ್ತು, ನೂರು ಕೈಯಲ್ಲಿ ಹಿಡಿದು ಕಲಿಯುವ ಎರಡನೇ ಕ್ಲಾಸು ಈ ಮಕ್ಕಳ ಬದುಕಿನಲ್ಲೇ ಇಲ್ಲ. ಒಬ್ಬ ಅನುಭವಸ್ಥ ಮೇಷ್ಟ್ರು ದಿನಾ ಅರ್ಧ ಗಂಟೆ ಪಕ್ಕ ಕೂತರೆ ಸರಿಹೋಗುವ ವಿಷಯ. ಆ ಅರ್ಧ ಗಂಟೆ ಕೊಡಲು ನಮಗೆ ಆಗಲ್ಲ. ಪಾಠ ಮಾಡಲು ಇನ್ನೂ ಕಲಿಯುತ್ತಿರುವ ಹುಡುಗಿಯನ್ನು ಒಬ್ಬಳೇ ಬಿಟ್ಟು, ಥರ್ಮಕೋಲ್ ಎಲ್ಲಿ ಅಂತ ಕೇಳುತ್ತೇವೆ. ನಾಚಿಕೆಯಾಗಬೇಕು.

ಎರಡನೇ ವಾರ ಅವಳು ಕದ್ದು ಭಾಗಾಕಾರ ಶುರುಮಾಡಿದಳು. ಯೋಜನೆಯಲ್ಲಿ ದಶಮಾಂಶ, ಬೋರ್ಡಲ್ಲಿ 612. ಹುಣಸೆ ಬೀಜ ಗುಂಪು ಮಾಡಿಸಿ ಆರೇಳು ಮಕ್ಕಳಿಗೆ ಆ ಸೊನ್ನೆ ಕಾಣಿಸಿಯೂ ಬಿಟ್ಟಳು. 'ಮಾವ, ಒಂದು ಹುಡುಗ ಓ ಅಂತ ಕಿರುಚ್ದ ಗೊತ್ತಾ!' ಅಂತ ಅವತ್ತು ಫೋನ್ ಮಾಡಿದ್ದಳು.

ಮೊನ್ನೆ ಸೋಮವಾರ ಹೆಡ್ ಮೇಷ್ಟ್ರು ಕ್ಲಾಸ್ ಬಾಗಿಲಿಗೆ ಬಂದರಂತೆ. 'ನೀವು ಹೊಸಬ್ರು, ಮೊಬೈಲೆಲ್ಲ ಚೆನ್ನಾಗಿ ಬರುತ್ತೆ ಅಲ್ವಾ? ಒಸಿ ಬನ್ನಿ, ಎರಡು ನಿಮಿಷ, ಎಂಟ್ರಿ ಬಾಕಿ ಇದೆ.' ಆ ಎರಡು ನಿಮಿಷ ಗುರುವಾರ ಮುಗಿಯಿತು. ನಾಲ್ಕು ದಿನದ ಪಾಠ ಯೋಜನೆ ನನಗೆ ತೋರಿಸಿದಳು. ಅಕ್ಷರ ಮುತ್ತಿನ ಹಾಗಿದೆ. ಮೂಲೆಯಲ್ಲಿ ದಿನಾಂಕ ಇದೆ, ಕೆಳಗೆ ಸಹಿಯೂ ಬಿದ್ದಿದೆ. ವಿದ್ಯಾರ್ಥಿಗಳು ನಾಲ್ಕೂ ದಿನ ಆಸಕ್ತಿಯಿಂದ ಆಲಿಸಿದ್ದಾರೆ.